ನತ್ತೊ ಕೊಡದ ಇತ್ಸುಕೊ ಕೊಟ್ಟ ಸೀಸೆ

ಬೆಳಗಿನ ನಾಲ್ಕೂ ಹತ್ತಕ್ಕೆ ಹಂಡೆಯ ಮುಚ್ಚಳ ತೆರೆಯುತ್ತದೆ. ಆವಿ ಸೂರಿಗೆ ಬಡಿದು ಕೆಳಗಿಳಿಯುವ ಮೊದಲೇ ನೆಮೊತೊ ಇತ್ಸುಕೊ ಕೆಲಸ ಶುರು ಮಾಡಿರುತ್ತಾರೆ. ಭತ್ತದ ಹುಲ್ಲಿನ ಸೂಡಿಯ ಹೊಟ್ಟೆಯನ್ನು ಹೆಬ್ಬೆರಳಿನಿಂದ ಬಿಡಿಸುವುದು, ಬೆಂದ ಸೋಯಾ ಕಾಳನ್ನು ಒಂದು ಸೌಟು ಸುರಿಯುವುದು, ಬೆರಳಿನಿಂದ ಒತ್ತುವುದು, ತಲೆ ಕಟ್ಟಿ ಪಕ್ಕಕ್ಕಿಡುವುದು. ಒಂದು ಸೂಡಿಗೆ ಒಂಬತ್ತು ಸೆಕೆಂಡು. ನಾನು ಗಡಿಯಾರ ಹಿಡಿದೇ ನೋಡಿದೆ. ಪಕ್ಕದಲ್ಲಿ ನಿಂತು ಒಂದೇ ಒಂದು ಕಾಳು ಮುಟ್ಟಿದ ನಾನು ಅಯ್ಯೋ ಎಂದು ಕೈ ಕೊಡವಿಕೊಂಡೆ.

"ನಿಮಗೆ ಸುಡಲ್ವಾ ಅಕ್ಕಾ?"

"ಸುಡತ್ತೆ. ಸುಡಲಿಲ್ಲ ಅಂದ್ರೆ ಕಾಳು ಆರಿದೆ ಅಂತ ಅರ್ಥ. ಆರಿದ ಕಾಳಿಗೆ ಬೇಡದ ಕ್ರಿಮಿ ಬಂದು ಕೂರತ್ತೆ, ಅವತ್ತಿನ ನತ್ತೊ ಅಷ್ಟೂ ಹಾಳು," ಎನ್ನುತ್ತಾರೆ. ತಲೆ ಎತ್ತುವುದಿಲ್ಲ.

ಅರವತ್ತೇಳು ವರ್ಷದ ಇತ್ಸುಕೊ ಸೋಯಾ ಕಾಳನ್ನು ಹುಲ್ಲಿನಲ್ಲಿ ಹುದುಗಿಸಿ ನತ್ತೊ ಮಾಡುವ ನಮ್ಮ ಬಂದರಿನ ಹಳೆಯ ಮನೆಯೊಂದರಲ್ಲಿ ಮೂವತ್ತೊಂದು ವರ್ಷದಿಂದ ಹುಲ್ಲು ಕಟ್ಟುತ್ತಿದ್ದಾರೆ. ದಿನಕ್ಕೆ ಆರುನೂರು ಸೂಡಿ. ಅವು ಬಿಸಿ ಕೋಣೆಯಲ್ಲಿ ಒಂದು ಹಗಲು ಒಂದು ರಾತ್ರಿ ಹುದುಗಿ, ನೂಲು ನೂಲಾಗಿ ಎಳೆ ಬಂದ ಮೇಲೆ ಮಿತೊ ಪೇಟೆಗೂ ಅದರಾಚೆಗೂ ಹೋಗುತ್ತವೆ. ಸೂಡಿಯ ಮೇಲೆ ಅಂಗಡಿಯ ಯಜಮಾನರ ಅಜ್ಜನ ಹೆಸರಿದೆ. ಇತ್ಸುಕೊ ಹೆಸರು ಎಲ್ಲಿಯೂ ಇಲ್ಲ. ಅವರ ಬೆರಳ ತುದಿಯ ಗೆರೆಗಳೂ ಸವೆದು ಹೋಗಿವೆ, ಮೊಬೈಲು ಅವರ ಬೆರಳನ್ನು ಗುರುತಿಸುವುದಿಲ್ಲ. "ನನ್ನ ಫೋನಿಗೇ ನಾನ್ಯಾರು ಅಂತ ಗೊತ್ತಿಲ್ಲ. ನೀವು ಪೇಪರಿನವರು ನನ್ನ ಹುಡುಕ್ಕೊಂಡು ಬಂದಿದ್ದೀರಿ!" ಎಂದು ನಗುತ್ತಾರೆ.

ನಾನು ಹುಡುಕಿಕೊಂಡು ಬಂದದ್ದು ಬೆರಳನ್ನಲ್ಲ, ಕಿಟಕಿಯನ್ನು. ಆರು ಗಂಟೆಗೆ ಅಂಗಡಿಯ ಮುಂಗಿಟಕಿ ತೆರೆಯುತ್ತದೆ. ಅಲ್ಲಿ ನಿಂತು ಇತ್ಸುಕೊ ನತ್ತೊ ಮಾರುತ್ತಾರೆ ಎಂದು ಎಲ್ಲರಿಗೂ ಗೊತ್ತು. ಕೆಲವರಿಗೆ ನತ್ತೊ ಮಾರಲು ಒಪ್ಪುವುದೇ ಇಲ್ಲ ಎಂಬುದು ನಮ್ಮ ಓಣಿಯವರಿಗೆ ಮಾತ್ರ ಗೊತ್ತು.

ಮೊನ್ನೆ ನಾನು ಹೋದಾಗ ಮೊದಲು ಬಂದವರು ಕೋಟು ತೊಟ್ಟ ಒಬ್ಬ ಹಿರಿಯರು, ಬೇರೆ ಊರಿನವರು. ಮೂರು ಸೂಡಿ ಕೇಳಿದರು.

"ರಕ್ತ ತೆಳು ಮಾಡೋ ಮಾತ್ರೆ ಏನಾದ್ರೂ ತಗೋತೀರಾ?"

"ಅದ್ಯಾಕಮ್ಮ ನಿಮಗೆ?"

"ತಗೋತೀರೋ ಇಲ್ವೋ?"

"ತಗೋತೀನಿ. ವಾರ್‌ಫರಿನ್."

"ಹಾಗಾದ್ರೆ ಕೊಡಲ್ಲ. ಒಣ ಗೆಣಸಿದೆ, ಒಯ್ಯಿರಿ."

ಅವರು ಕೆಂಪಾದರು, ಯಜಮಾನರನ್ನು ಕರೆಯಿರಿ ಎಂದರು. ಯಜಮಾನರು ಒಳಗಿಂದಲೇ, "ಆಕೆ ಕೊಡಲ್ಲ ಅಂದ್ರೆ ನಾನೂ ಕೊಡಲ್ಲ ಸ್ವಾಮೀ!" ಎಂದು ಕೂಗಿದರು. ವ್ಯಾಪಾರಕ್ಕೆ ಕೂತವರು ಹೀಗೂ ಮಾಡುವುದುಂಟೇ ಎಂದು ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ನತ್ತೊದಲ್ಲಿ ವಿಟಮಿನ್ ಕೆ ತುಂಬಿರುತ್ತದೆ, ಅದು ವಾರ್‌ಫರಿನ್ನಿನ ಕೆಲಸ ಕೆಡಿಸುತ್ತದೆ, ರಕ್ತ ಹೆಪ್ಪುಗಟ್ಟಬಹುದು. ಇದು ನಮ್ಮ ಸೀಮೆಯ ಪ್ರತಿ ಆಸ್ಪತ್ರೆಯ ಗೋಡೆಯ ಮೇಲೂ ಇದೆ. ಆದರೆ ಗೋಡೆಯ ಮೇಲಿರುವುದನ್ನು ಇಷ್ಟು ಹಟದಿಂದ ಪಾಲಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಹಟ ಹುಟ್ಟಿದ್ದು ಹದಿನಾರು ವರ್ಷದ ಹಿಂದೆ. ಇಸೊಜಾಕಿ ಕಾನ್‌ಜಿ ಎಂಬ ದೋಣಿ ಇಂಜಿನ್ ಮೆಕ್ಯಾನಿಕ್ ಹೃದಯದಲ್ಲಿ ಲೋಹದ ಕವಾಟ ಹಾಕಿಸಿಕೊಂಡು ಬಂದರು. ಲೋಹದ ಕವಾಟ ಇದ್ದವರಿಗೆ ಬದುಕಿರುವವರೆಗೂ ವಾರ್‌ಫರಿನ್. ಆಸ್ಪತ್ರೆಯಿಂದ ಅವರು ಮನೆಗೆ ಹೋಗಲಿಲ್ಲ, ನೇರ ಈ ಕಿಟಕಿಗೆ ಬಂದರು. ಹುಟ್ಟಿದಾಗಿನಿಂದ ನತ್ತೊ ಇಲ್ಲದೆ ಬೆಳಗಿನ ಅನ್ನ ಉಂಡವರಲ್ಲ. ಅವರ ಹೆಂಡತಿ ಮೊದಲೇ ಇತ್ಸುಕೊ ಕಿವಿಗೆ ವಿಷಯ ಹಾಕಿದ್ದರು.

"ಕೊಡಲ್ಲ ಅಂದೆ. ಕಾನ್‌ಜಿ ಅಣ್ಣ ಕಿಟಕಿ ಗುದ್ದಿದ್ರು. ಒಂದೇ ಒಂದು ಕಾಳು ಕೊಡೇ ಅಂದ್ರು. ಅದೂ ಇಲ್ಲ ಅಂದೆ. ಅವತ್ತಿಂದ ದಿನಾ ಬೆಳಿಗ್ಗೆ ಬಂದು ವಾಸನೆ ಕುಡ್ಕೊಂಡು, ನನ್ನ ಬೈದು ಹೋಗೋರು. ಹೆಂಡತಿ ಹೋದ ಮೇಲೂ ಬರೋದು ಬಿಡಲಿಲ್ಲ. ರಾಕ್ಷಸಿ ಅಂತ ಹೆಸರಿಟ್ಟಿದ್ರು ನಂಗೆ!"

ಬೈಗುಳದ ಆ ಹೆಸರು ಹೇಳುವಾಗ ಇತ್ಸುಕೊ ಮುಖದಲ್ಲಿ ಎಂಥ ಹಿಗ್ಗು ಗೊತ್ತೇ! ಮಕ್ಕಳಿಲ್ಲದ ಈ ವಿಧವೆಗೆ ದಿನ ಬೆಳಗಾದರೆ ಜಗಳಕ್ಕೆ ಬರುತ್ತಿದ್ದವರು ಅವರೊಬ್ಬರೇ.

ಇಲ್ಲಿಂದ ಮುಂದಿನದನ್ನು ಕೇಳಿ ನಾನು ಬರೆಯುವುದನ್ನೇ ನಿಲ್ಲಿಸಿದೆ.

ಪ್ರತಿ ಬೇಸಿಗೆಯ ಉಡುಗೊರೆ ಕಾಲದಲ್ಲಿ ಇತ್ಸುಕೊ ಓಣಿಯ ಎಲ್ಲರಿಗೂ ನತ್ತೊ ಸೂಡಿ ಕಳಿಸುತ್ತಾರೆ. ಕಾನ್‌ಜಿಗೆ ಮಾತ್ರ ಟವೆಲ್ಲೋ ಸಾಬೂನೋ. ಹದಿನಾಲ್ಕು ವರ್ಷ ಹಾಗೇ ನಡೆಯಿತು. ಹೋದ ವರ್ಷಕ್ಕೂ ಹಿಂದಿನ ವರ್ಷದ ಜುಲೈನಲ್ಲಿ ಔಷಧಿ ಅಂಗಡಿಯಲ್ಲಿ ಒಂದು ಸೀಸೆ ಕಣ್ಣಿಗೆ ಬಿತ್ತು. ಕೋಎನ್‌ಜೈಮ್ ಕ್ಯೂ ಟೆನ್. 'ದುಡಿದ ಹೃದಯಕ್ಕೆ ಬಲ' ಎಂದು ಮೇಲೆ ಬರೆದಿತ್ತು. ಮಾತ್ರೆಗಳ ಸಾಲಿನಲ್ಲಿ ಅಲ್ಲ, ತಿನ್ನುವ ಪದಾರ್ಥಗಳ ಸಾಲಿನಲ್ಲಿ ಇಟ್ಟಿದ್ದರು.

"ಪಾಪ, ನತ್ತೊ ಅಂತೂ ಇಲ್ಲ, ಇದಾದ್ರೂ ತಿನ್ಲಿ ಅನ್ನಿಸ್ತು. ಔಷಧಿ ಆಗಿದ್ರೆ ಕೇಳ್ತಿದ್ದೆ. ಇದು ಆಹಾರ ಅಲ್ವಾ? ಉಡುಗೊರೆ ಕಾಗದ ಸುತ್ತಿ, ದಾರ ಕಟ್ಟಿ, ನಾನೇ ಹೋಗಿ ಕೊಟ್ಟೆ. ದಿನಾ ಕಿಟಕೀಲಿ ಕೇಳ್ತಿದ್ದೆ, ತಗೊಂಡ್ರಾ ಕಾನ್‌ಜಿ ಅಣ್ಣ ಅಂತ. ತಗೊಂಡೆ ರಾಕ್ಷಸೀ ಅನ್ನೋರು. ಬಂದರಿನ ಏರನ್ನ ನಿಲ್ಲದೆ ಹತ್ತಿದೆ ಅಂತ ಹೇಳಿದ್ರು ಒಂದಿನ. ನಂಗೆ ಖುಷಿಯೋ ಖುಷಿ. ಸೆಪ್ಟೆಂಬರಿನ ಹಿರಿಯರ ದಿನಕ್ಕೆ ಎರಡನೇ ಸೀಸೆ, ವರ್ಷದ ಕೊನೆಗೆ ಮೂರನೇದು."

ನಮ್ಮ ಜನ ಕೊಟ್ಟ ಉಡುಗೊರೆಯನ್ನು ಮೂಲೆಯಲ್ಲಿ ಇಡುವುದಿಲ್ಲ. ಕೊಟ್ಟವರು ದಿನಾ ಕೇಳುತ್ತಿದ್ದರಂತೂ ಮುಗಿದೇ ಹೋಯಿತು. ಕಾನ್‌ಜಿ ಒಂದು ದಿನವೂ ತಪ್ಪಿಸಲಿಲ್ಲ. ತಿಂಗಳ ರಕ್ತ ಪರೀಕ್ಷೆಯಲ್ಲಿ ಅವರ ಅಂಕ ಎರಡರಿಂದ ಮೂರರೊಳಗೆ ಇರಬೇಕು. ಎರಡಕ್ಕಿಂತ ಕೆಳಗಿಳಿದರೆ ರಕ್ತ ಹೆಪ್ಪಾಗಲು ಹೊರಟಿದೆ ಎಂದರ್ಥ. ವರ್ಷಗಟ್ಟಲೆ ಎರಡೂವರೆಯ ಆಸುಪಾಸಿನಲ್ಲಿದ್ದದ್ದು ನವೆಂಬರಿನಲ್ಲಿ ಒಂದು ಪಾಯಿಂಟ್ ಏಳಕ್ಕೆ ಬಿತ್ತು. ವೈದ್ಯರು ಕನ್ನಡಕದ ಮೇಲಿಂದ ನೋಡಿ, "ನತ್ತೊ ತಿಂದಿದ್ದೀರಿ ತಾನೇ?" ಎಂದರು. ಇಲ್ಲ ಎಂದರೂ ನಂಬಲಿಲ್ಲ. "ನಿಮ್ಮ ಊರಿನವರೆಲ್ಲ ಇಲ್ಲ ಅಂತಲೇ ಹೇಳೋದು. ನಿಲ್ಲಿಸಿ, ಎರಡು ವಾರ ಬಿಟ್ಟು ಬನ್ನಿ," ಎಂದರು.

ಕಾನ್‌ಜಿಗೆ ರೋಷ ಬಂತು. ಹದಿನಾಲ್ಕು ವರ್ಷ ನಾಲಿಗೆ ಕಟ್ಟಿದವನನ್ನು ಸುಳ್ಳ ಎನ್ನುತ್ತಾನಲ್ಲ! ಎರಡು ತಿಂಗಳಿಗಾಗುವಷ್ಟು ಮಾತ್ರೆ ಮನೆಯಲ್ಲಿತ್ತು. ಅವರು ಪರೀಕ್ಷೆಗೆ ಹೋಗಲೇ ಇಲ್ಲ.

ಹೋದ ವರ್ಷದ ಜನವರಿ ಎಂಟು, ಬೆಳಗಿನ ಆರೂ ಇಪ್ಪತ್ತು. ಎಂದಿನಂತೆ ಕಾನ್‌ಜಿ ಕಿಟಕಿಗೆ ಬಂದರು. ಇತ್ಸುಕೊ ಬೈಗುಳಕ್ಕೆ ಕಾದರು. ಬರಲಿಲ್ಲ. ಕಾನ್‌ಜಿಯ ಬಾಯಿ ಒಂದು ಕಡೆಗೆ ಜಾರಿತ್ತು, ಬಲಗೈ ಕಿಟಕಿಯ ಹಲಗೆ ಹಿಡಿಯಲು ಹೋಗಿ ಹಿಡಿಯಲಾರದೆ ಇಳಿಯಿತು. ಇತ್ಸುಕೊ ಕಿಟಕಿಯಿಂದಲೇ ಹೊರಗೆ ಹಾರಿದರಂತೆ. ಅರವತ್ತೈದರ ವಯಸ್ಸಿನಲ್ಲಿ!

ಆಸ್ಪತ್ರೆಯಲ್ಲಿ ತೊಡೆಯ ಸಂದಿಯಿಂದ ತಂತಿ ತೂರಿಸಿ ಮಿದುಳಿನ ಹೆಪ್ಪನ್ನು ಎಳೆದು ತೆಗೆದರು. ಹೊರಗೆ ಕೂತಿದ್ದ ಇತ್ಸುಕೊ ಹತ್ತಿರ ಬಂದ ವೈದ್ಯರು ಮೊದಲು ಕೇಳಿದ್ದೇ, "ನತ್ತೊ ಕೊಟ್ಟವರು ನೀವಾ?"

"ನಾನಾ? ನನ್ನ ಕೇಳ್ತೀರಾ?" ಎಂದು ಆಕೆ ಆಸ್ಪತ್ರೆಯ ಪಡಸಾಲೆ ಅದುರುವಂತೆ ಕೂಗಿದರು. ಆಗ ಆಸ್ಪತ್ರೆಯ ಔಷಧ ವಿಭಾಗದ ಎಬಿಸಾವಾ ಎಂಬ ಹೆಣ್ಣುಮಗಳು ಬಂದು ಪಕ್ಕದಲ್ಲಿ ಕೂತರು. "ಅಮ್ಮಾ, ಅವರ ಮನೇಲಿ ಅವರು ಬಾಯಿಗೆ ಹಾಕ್ಕೊಳ್ಳೋದು ಏನೇನಿದೆಯೋ ಅಷ್ಟೂ ತಂದುಕೊಡಿ. ಔಷಧಿ ಅಂತ ನಿಮಗೆ ಅನ್ನಿಸದೇ ಇರೋದನ್ನೂ ತನ್ನಿ," ಎಂದರು.

ನಮ್ಮ ಮುದುಕರೆಲ್ಲ ಇಂಥವನ್ನು ಅಕ್ಕಿ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಇಡುತ್ತಾರೆ. ಕಾನ್‌ಜಿಯ ಡಬ್ಬಿಯಲ್ಲಿ ವಾರ್‌ಫರಿನ್ ಇತ್ತು, ಬೆನ್ನುನೋವಿನ ಪಟ್ಟಿ ಇತ್ತು, ಮೂರನೇ ಸೀಸೆ ಇತ್ತು. ಅದರಡಿಯಲ್ಲಿ ಮೂರು ಉಡುಗೊರೆ ಕಾಗದಗಳು, ಮಡಿಕೆ ಕೆಡದಂತೆ. ಡಬ್ಬಿಯನ್ನು ಹಾಗೇ ಎತ್ತಿಕೊಂಡು ಬಂದರು ಇತ್ಸುಕೊ. ಎಬಿಸಾವಾ ಒಂದೊಂದೇ ತೆಗೆದು, ಸೀಸೆಯ ಹಿಂಬದಿ ಓದಿ, ಅದನ್ನು ಬೇರೆ ಇಟ್ಟರು.

"ಇದು ಯಾರು ಕೊಟ್ಟಿದ್ದು?"

"ನಾನು."

ಇದನ್ನು ನನಗೆ ಹೇಳುವಾಗ ಇತ್ಸುಕೊ ಕೈಯ ಸೂಡಿ ಹಾಗೇ ನಿಂತಿತು. "ಒಂದು ಕಾಳು ನತ್ತೊಗೆ ಹದಿನಾಲ್ಕು ವರ್ಷ ಅಡ್ಡ ನಿಂತೋಳು, ನನ್ನ ಕೈಯಾರೆ ಮೂರು ಸೀಸೆ ಕೊಟ್ಟೆನಲ್ಲ!"

ನಾನು ಎಬಿಸಾವಾ ಅವರನ್ನು ಹುಡುಕಿಕೊಂಡು ಹೋದೆ. ಅದು ವಿಷವೇ ಎಂದು ಕೇಳಿದೆ.

"ಅಯ್ಯೋ, ವಿಷ ಯಾಕಾಗುತ್ತೆ? ನಿಮ್ಮ ಮೈಯೇ ಅದನ್ನ ಮಾಡ್ಕೊಳ್ಳುತ್ತೆ. ತಿಂದ ಅನ್ನ ಬಲ ಆಗ್ಬೇಕಾದ್ರೆ ಒಂದೊಂದು ಜೀವಕೋಶಕ್ಕೂ ಅದು ಬೇಕು. ಬಿಡುವಿಲ್ಲದೆ ದುಡಿಯೋ ಹೃದಯಕ್ಕೆ ಜಾಸ್ತಿ ಬೇಕು. ವಯಸ್ಸಾದ ಹಾಗೆ ಕಮ್ಮಿ ಆಗುತ್ತೆ. ಇದೇ ದೇಶದಲ್ಲಿ ಐವತ್ತು ವರ್ಷದ ಹಿಂದೆ ಹೃದಯ ಸೋತವರಿಗೆ ವೈದ್ಯರು ಬರೆದುಕೊಡ್ತಿದ್ದ ಔಷಧಿ ಅದು. ಆಮೇಲೆ ಆಹಾರ ಅಂತ ಅಂಗಡಿಗೆ ಬಂತು. ಹುಟ್ಟಿನಿಂದಲೇ ಅದನ್ನ ಮಾಡ್ಕೊಳ್ಳಲಾರದ ಮಕ್ಕಳಿದ್ದಾರೆ, ಅಂಥವರಲ್ಲಿ ಕೆಲವರಿಗೆ ಬೇಗ ಕೊಟ್ರೆ ಜೀವ ಉಳಿಯುತ್ತೆ."

"ಮತ್ತೆ ಕಾನ್‌ಜಿಗೆ?"

"ಅದರ ರಚನೆ ವಿಟಮಿನ್ ಕೆ ರಚನೆಗೆ ಹತ್ತಿರ. ವಾರ್‌ಫರಿನ್ ತಗೊಳ್ಳೋ ಕೆಲವರಲ್ಲಿ ಅಂಕ ಬಿದ್ದಿದೆ. ಇನ್ನು ಕೆಲವು ಪರೀಕ್ಷೆಗಳಲ್ಲಿ ಏನೂ ಆಗಿಲ್ಲ. ಇದರಿಂದಲೇ ಆಯ್ತು ಅಂತ ನಾನು ಆಣೆ ಇಟ್ಟು ಹೇಳಲಾರೆ. ಆದ್ರೆ ಎದೇಲಿ ಲೋಹ ಇರೋ ಮನುಷ್ಯನ ಮೇಲೆ ಪಂದ್ಯ ಕಟ್ಟೋಕಾಗುತ್ತಾ? ವೈದ್ಯರಿಗೆ ಗೊತ್ತಿದ್ದಿದ್ರೆ ಸಾಕಿತ್ತು. ನಾವೆಲ್ಲ ನತ್ತೊ ಒಂದನ್ನೇ ಕೇಳ್ತಾ ಕೂತ್ವಿ."

ಆ ರಾತ್ರಿ ಮನೆಗೆ ಹೋದವನು ನನ್ನ ತಾಯಿಯ ಡಬ್ಬಿ ತೆರೆದೆ. ಅದೇ ಕ್ಯೂ ಟೆನ್! ಕೊಲೆಸ್ಟರಾಲ್ ಮಾತ್ರೆಯಿಂದ ಕಾಲು ನೋಯುತ್ತದೆ ಎಂದು ಯಾರೋ ಗೆಳತಿ ಹೇಳಿ ಕೊಡಿಸಿದ್ದಂತೆ. ನೋವು ಇಳಿಯಿತೇ ಎಂದರೆ, "ಸ್ವಲ್ಪ ಇಳಿದ ಹಾಗಿದೆ, ಸ್ವಲ್ಪ ಇಲ್ಲ," ಎಂದರು ಅಮ್ಮ. ಆ ಬಗ್ಗೆ ನಡೆದ ಪರೀಕ್ಷೆಗಳೂ ಒಂದೊಂದು ಒಂದೊಂದು ಥರ ಹೇಳುತ್ತವೆಂದು ಎಬಿಸಾವಾ ಆಮೇಲೆ ತಿಳಿಸಿದರು. ವಾರ್‌ಫರಿನ್ ಇಲ್ಲವಲ್ಲ ಎಂದು ಉಸಿರು ಬಿಟ್ಟು, ಟೀಪಾಯಿಯ ಮೇಲಿದ್ದ ನಮ್ಮದೇ ಪುರವಣಿ ತಿರುವಿದೆ. ಕೊನೆಯ ಪುಟದ ತುಂಬ ಅದೇ ಸೀಸೆಯ ಜಾಹೀರಾತು, ನಗುವ ಅಜ್ಜ, ನಗುವ ಅಜ್ಜಿ. ಎಚ್ಚರಿಕೆಯ ಸಾಲನ್ನು ಭೂತಗನ್ನಡಿ ಹಿಡಿದು ಹುಡುಕಬೇಕು. ಅದರ ಬೆನ್ನಿಗೇ ನನ್ನ ಅಂಕಣ! ನನಗೆ ನಾಚಿಕೆಯಾಯಿತು ಎಂದು ಇಲ್ಲೇ ಬರೆಯುತ್ತೇನೆ, ಸಂಪಾದಕರು ತೆಗೆದರೆ ತೆಗೆಯಲಿ.

ಇತ್ಸುಕೊ ಅತ್ತು ಕೂರಲಿಲ್ಲ. ಹೋದ ವರ್ಷದ ಮಾರ್ಚಿನಿಂದ, ಒಂಬತ್ತಕ್ಕೆ ಹುಲ್ಲಿನ ಕೆಲಸ ಮುಗಿದ ಮೇಲೆ, ಮಂಗಳವಾರ ಮತ್ತು ಶುಕ್ರವಾರ ಸೈಕಲ್ ಹತ್ತುತ್ತಾರೆ. ನಲವತ್ತಮೂರು ಮನೆ. ಬಾಗಿಲಲ್ಲೇ, "ಡಬ್ಬಿ ತೋರಿಸಿ" ಎನ್ನುತ್ತಾರೆ. ಇದ್ದುದನ್ನೆಲ್ಲ ತಗ್ಗು ಮೇಜಿನ ಮೇಲೆ ಹರವಿ, ಪ್ರತಿಯೊಂದರ ಹಿಂದೂ ಮುಂದೂ ಚಿತ್ರ ತೆಗೆದು ಎಬಿಸಾವಾಗೆ ಕಳಿಸುತ್ತಾರೆ. ಎಲ್ಲರ ಬಳಿಯೂ ಔಷಧಿ ಬರೆದಿಡುವ ಕಿರುಪುಸ್ತಕ ಇದೆ. ಆದರೆ ಮೂವತ್ತೊಂದು ಮನೆಗಳಲ್ಲಿ ಪುಸ್ತಕದಲ್ಲಿ ಇಲ್ಲದ್ದು ಡಬ್ಬಿಯಲ್ಲಿತ್ತು. ಒಂಬತ್ತು ಮನೆಯಲ್ಲಿ ಕ್ಯೂ ಟೆನ್. ಆ ಒಂಬತ್ತರಲ್ಲಿ ಇಬ್ಬರು ವಾರ್‌ಫರಿನ್ ನುಂಗುವವರು. ಇಬ್ಬರು! ಒಂದೇ ಓಣಿಯಲ್ಲಿ, ನತ್ತೊ ಮುಟ್ಟದೆ, ತಾವು ಕ್ಷೇಮ ಎಂದುಕೊಂಡು ಕೂತಿದ್ದರು. ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ, ಯಾವ ಕಚೇರಿಯೂ ಇವರನ್ನು ನೇಮಿಸಿಲ್ಲ.

ಹೆದರಿಕೆಯ ಭರದಲ್ಲಿ ಇತ್ಸುಕೊ ಮತ್ತೊಂದು ಎಡವಟ್ಟೂ ಮಾಡಿದರು. ಎಂಬತ್ತನಾಲ್ಕರ ತೊಬಿತಾ ನಾಮಿ ಅಜ್ಜಿಯ ಮನೆಯಲ್ಲಿ ಅದೇ ಥರದ ಸೀಸೆ ಕಂಡದ್ದೇ ತಡ, ಎತ್ತಿ ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟರು. ಅಜ್ಜಿಗೆ ಹೃದಯ ಸೋತಿತ್ತು, ಅವರಿಗೆ ವಾರ್‌ಫರಿನ್ ಇರಲಿಲ್ಲ. ಉಳಿದ ಔಷಧಿಗಳ ಜೊತೆ ಅದನ್ನೂ ತೆಗೆದುಕೊಳ್ಳಲು ಹೇಳಿದ್ದು ಅವರ ವೈದ್ಯರೇ.

"ಎಬಿಸಾವಾ ನನ್ನ ಹಿಡ್ಕೊಂಡು ಉಗಿದ್ರು ನೋಡಿ! ಅಮ್ಮಾ, ಅವತ್ತು ಕೇಳದೆ ಕೊಟ್ರಿ, ಇವತ್ತು ಕೇಳದೆ ಕಿತ್ಕೊಂಡ್ರಿ, ಏನು ವ್ಯತ್ಯಾಸ ಅಂದ್ರು. ಬಾಯಿ ಮುಚ್ಕೊಂಡು ವಾಪಸ್ ಕೊಟ್ಟು ಬಂದೆ. ನಾಮಿ ಅಜ್ಜಿ ನನ್ನ ಕಳ್ಳಿ ಅಂತಾರೆ ಈಗಲೂ."

ಇವತ್ತು ಶುಕ್ರವಾರ. ಮೊದಲ ಮನೆ ಕಾನ್‌ಜಿಯದೇ. ಎಂಬತ್ತೊಂದರ ಅವರು ಜಗಲಿಯಲ್ಲಿ ಬಿಸಿಲಿಗೆ ಕೂತಿದ್ದಾರೆ, ಬಲಗೈ ಮಡಿಲಲ್ಲಿ. ವರ್ಷವಿಡೀ ಮಾತು ಇರಲಿಲ್ಲ, ಈಗ ಒಂದೊಂದೇ ಪದವಾಗಿ ಬರುತ್ತಿದೆ. ಅವರು ಆಸ್ಪತ್ರೆಯಿಂದ ಬಂದ ದಿನವೇ ಇತ್ಸುಕೊ ಹೊಸ್ತಿಲಲ್ಲಿ ಹಣೆ ನೆಲಕ್ಕೆ ಹಚ್ಚಿ ಎಲ್ಲವನ್ನೂ ಹೇಳಿದ್ದರು. ಕಾನ್‌ಜಿ ಎಡಗೈ ಆಡಿಸಿದ್ದರು, ಅಷ್ಟೇ. ಕ್ಷಮಿಸಿದರೋ, ತೊಲಗು ಎಂದರೋ, ಇತ್ಸುಕೊಗೆ ಇಂದಿಗೂ ತಿಳಿಯದು. ಕೇಳಲು ಧೈರ್ಯ ಸಾಲದೆ ವಾರಕ್ಕೆ ಎರಡು ಸಲ ಬಂದು, ಡಬ್ಬಿ ನೋಡಿ, ಹೋಗುತ್ತಿದ್ದಾರೆ.

ಪತ್ರಿಕೆಯವನ ಚಟ, ನಾನು ಕೇಳಿಯೇಬಿಟ್ಟೆ. "ತಾತಾ, ಸೀಸೆ ಹಿಂದೆ ಬರೆದಿರುತ್ತಲ್ಲ, ಔಷಧಿ ತಗೊಳ್ಳೋರು ವೈದ್ಯರನ್ನ ಕೇಳಿ ಅಂತ. ನೀವು ಓದಲಿಲ್ವಾ?"

"ಓದಿದೆ," ಎಂದರು ಕಾನ್‌ಜಿ.

ಇತ್ಸುಕೊ ಕೈಯ ಡಬ್ಬಿ ಮುಚ್ಚಳ ನೆಲಕ್ಕೆ ಬಿತ್ತು.

"ಏನಂದ್ರಿ? ಓದಿದ್ರಾ?"

"ಮೊದಲ... ದಿನಾನೇ."

"ಓದಿ, ಕೇಳದೆ ನುಂಗಿದ್ರಾ? ವೈದ್ಯರ ಹತ್ರ ಬಾಯಿ ಬಿಡಲಿಲ್ವಾ?"

"ಹೇಳಿದ್ರೆ... ಬೇಡ ಅಂತಿದ್ರು."

"ಅನ್ಲಿ! ಅಂದ್ರೆ ನಿಲ್ಲಿಸೋದು! ನಿಮಗೇನು ಬುದ್ಧಿ ಮಂಕಾಗಿತ್ತಾ? ಬೇಡ ಅಂತ ಒಂದು ಮಾತು ನನ್ನ ಮುಖಕ್ಕೆ ಎಸೆಯೋಕೆ ಏನಾಗಿತ್ತು ಮುದುಕಪ್ಪಾ?"

ಕಾನ್‌ಜಿ ಬಹಳ ಹೊತ್ತು ಪದಗಳನ್ನು ಹುಡುಕಿದರು. ಹಣೆಯ ಮೇಲೆ ಬೆವರು ಮೂಡಿತು.

"ಹದಿನಾಲ್ಕು ವರ್ಷ... ಏನು ಕೇಳಿದ್ರೂ... ಕೊಡಲ್ಲ ಅಂದೆ. ತಿನ್ನೋಕೆ ಅಂತ... ನೀನಾಗಿ ಕೊಟ್ಟಿದ್ದು... ಅದೊಂದೇ. ಹೇಗೆ ಬೇಡ ಅನ್ಲಿ?"

ಇತ್ಸುಕೊ ಜಗಲಿಯ ಅಂಚಿಗೆ ಕುಸಿದು ಕೂತರು. ಸೆರಗಿಲ್ಲದ ಕೆಲಸದಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡರು. ನಾನು ಅಂಗಳದ ಕಡೆ ತಿರುಗಿ ನಿಂತೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಗುಡುಗಿದಂತೆ ದನಿ ಬಂತು. ಚೀಲದಿಂದ ಒಣ ಗೆಣಸಿನ ಪೊಟ್ಟಣ ತೆಗೆದು ಕಾನ್‌ಜಿಯ ಮೂಗಿನೆದುರು ಹಿಡಿದಿದ್ದರು ಇತ್ಸುಕೊ.

"ತಗೊಳ್ಳಿ."

ಕಾನ್‌ಜಿ ಎಡಗೈ ಚಾಚಿದರು. ಇತ್ಸುಕೊ ಫಟ್ಟನೆ ಹಿಂದಕ್ಕೆಳೆದುಕೊಂಡರು.

"ಬೇಡ ಅನ್ಬೇಕು! ಮತ್ತೆ ನೋಡೋಣ. ತಗೊಳ್ಳಿ."

ಮತ್ತೆ ಕೈ ಬಂತು. ಮತ್ತೆ ಹಿಂದಕ್ಕೆ. ಕಾನ್‌ಜಿಗೆ ಸಿಟ್ಟು ಬಂತು, ಆಮೇಲೆ ನಗು ಬಂತು, ಅರ್ಧ ಬಾಯಿಯ ನಗು. ಮೂರನೇ ಸಲಕ್ಕೆ ಅವರು ಕೈ ಮಡಿಲಲ್ಲೇ ಇಟ್ಟುಕೊಂಡರು.

"ಬೇಡ," ಎಂದರು. ತಡವರಿಸದೆ ಬಂದ ಒಂದೇ ಮಾತು.

ಇತ್ಸುಕೊ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಸೈಕಲ್ ಹತ್ತಿದರು. ಏರಿನಲ್ಲಿ ಪಕ್ಕದಲ್ಲೇ ನಡೆಯುತ್ತ, ಇನ್ನೇನು ಆಸೆ ಇದೆ ಅಕ್ಕಾ ಎಂದು ಕೇಳಿದೆ. ಆಕೆ ಪೆಡಲ್ ನಿಲ್ಲಿಸಲಿಲ್ಲ.

"ಇನ್ನೂ ನಲವತ್ತೆರಡು ಮನೆ ಇದೆಯಲ್ಲ. ನಾನು ಏನಾದ್ರೂ ಹಿಡ್ಕೊಂಡು ಹೋದ್ರೆ, ಬೇಡ ಇತ್ಸುಕೊ, ಮೊದಲು ಕೇಳ್ಕೊಂಡು ಬಾ ಅಂತ ಬಾಗಿಲಲ್ಲೇ ನಿಲ್ಲಿಸ್ಬೇಕು ಎಲ್ಲರೂ. ಒಂದೊಂದು ಸಲ ಅಂದ್ರೆ ಸಾಕು. ನಂಗೆ ಬೇಜಾರಾಗಲ್ಲ."